ಗ್ಲೌಸಿನ ಶೇರು

ಕಳೆದ ವಾರ ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದೆ. ಪುತ್ತೂರಿನಲ್ಲಿ ನನ್ನ ಆಫೀಸಿನ ಬೀದಿಯಲ್ಲೇ ಇರುವ ದಂತವೈದ್ಯರು ಗ್ಲೌಸ್ ತೊಟ್ಟ ಎರಡು ಬೆರಳನ್ನು ನನ್ನ ಬಾಯಿಗೆ ಹಾಕಿ ದವಡೆ ಅಗಲಿಸಿದರು. ಆ ರಬ್ಬರಿನ ರುಚಿ, ಅದರ ಒಳಗಿನ ಹಿಟ್ಟಿನ ವಾಸನೆ ಗಂಟಲಿಗೆ ತಾಗಿದ್ದೇ ನನಗೆ ಹಲ್ಲುನೋವು ಮರೆತು ಸಿಟ್ಟು ಬಂತು. ವೈದ್ಯರ ಮೇಲಲ್ಲ. ತೀರಿಕೊಂಡು ಐದು ತಿಂಗಳಾದ ಒಬ್ಬ ಹೆಂಗಸಿನ ಮೇಲೆ. ಬಾಯಿ ತೆರೆದುಕೊಂಡು ಕುಳಿತವನಿಗೆ ಬೈಯಲೂ ಆಗುವುದಿಲ್ಲ. ಅವರು ಬದುಕಿದ್ದಾಗಲೂ ನನ್ನ ಸ್ಥಿತಿ ಹೆಚ್ಚುಕಡಿಮೆ ಹಾಗೆಯೇ ಇತ್ತು.

ನಾವೆಲ್ಲ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದೆವು. ಗಲ್ಫಿನ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ನರ್ಸಾಗಿದ್ದು ಊರಿಗೆ ಮರಳಿದವರು. ಊರೆಂದರೆ ಕಡಬದ ಹತ್ತಿರ. ಅವರ ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ಹಾಕಿದ ಕುಟುಂಬ. ಮದುವೆ ಆಗಿರಲಿಲ್ಲ. ತೋಟ ತಮ್ಮಂದಿರ ಪಾಲಿಗೆ ಹೋಗಿತ್ತು. ಇವರ ಪಾಲಿಗೆ ಇದ್ದದ್ದು ತಾವೇ ದುಡಿದು ತಂದ ಹಣ. ನಾನು ಪುತ್ತೂರಿನಲ್ಲಿ ತೆರಿಗೆ ಸಲಹೆಗಾರ. ಬ್ಯಾಂಕಿನ ಬಡ್ಡಿ ತೋರಿಸಿಲ್ಲವೆಂದು ಇಲಾಖೆಯಿಂದ ಬಂದ ಒಂದು ನೋಟೀಸು ಹಿಡಿದುಕೊಂಡು ಅವರು ಮೊದಲ ಸಲ ನನ್ನಲ್ಲಿಗೆ ಬಂದರು. ಕಡಬದಿಂದ ಬೆಳಗಿನ ಬಸ್ಸಿಗೆ ಹೊರಟು, ನಾನು ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದರು. ಆಮೇಲೆ ಎಷ್ಟು ವರ್ಷ ಬಂದರೂ ಹಾಗೆಯೇ. ಹತ್ತು ಗಂಟೆಗೆ ಬನ್ನಿ ಎಂದರೆ ಎಂಟೂವರೆಗೆ ಬರುವರು; ನಾನು ಹತ್ತಕ್ಕೆ ಬಂದರೆ, ತಡವಾಯಿತಲ್ಲ ಎನ್ನುವ ಹಾಗೆ ಗಡಿಯಾರ ನೋಡುವರು.

ಒಳಗೆ ಬಂದವರೇ ಮೊದಲು ಫ್ಯಾನ್ ಆರಿಸುತ್ತಿದ್ದರು, ಕಾಗದ ಹಾರುತ್ತದೆಂದು. ಮಾರ್ಚ್ ತಿಂಗಳ ಸೆಕೆಯಲ್ಲಿ ನಾನು ಬೆವರುತ್ತಾ ಅವರ ಕಾಗದ ಓದಬೇಕಿತ್ತು. ಒಂದು ವಿಷಯ ಹೇಳಿದರೆ ಅದನ್ನು ಅವರು ನನಗೇ ತಿರುಗಿ ಹೇಳುವರು, ಆಮೇಲೆ ನಾನು ಹೌದೆನ್ನಬೇಕು, ಆಮೇಲೆ ಅವರು ಬರೆದುಕೊಂಡು ಮತ್ತೊಮ್ಮೆ ಓದುವರು. ವಾರ್ಡಿನಲ್ಲಿ ಡಾಕ್ಟರು ಫೋನಿನಲ್ಲಿ ಮದ್ದು ಹೇಳಿದರೆ ಹಾಗೆ ಮಾಡುವ ಪದ್ಧತಿಯಂತೆ. "ಸಾರೇ, ಹದಿನೈದು ಅಂತ ಹೇಳಿದ್ದನ್ನು ಐವತ್ತು ಅಂತ ಕೇಳಿದ್ರೆ ಅಲ್ಲಿ ಜೀವ ಹೋಗ್ತದೆ," ಎನ್ನುವರು. ಇಲ್ಲಿ ಯಾರ ಜೀವವೂ ಹೋಗುವುದಿಲ್ಲ ಸಿಸ್ಟರ್ ಎಂದು ನಾನು ಹೇಳಿದ್ದೆ. ಅದನ್ನೂ ಅವರು ತಿರುಗಿ ಹೇಳಿದ್ದರು… ಬರೆದುಕೊಂಡಿದ್ದರೋ ಇಲ್ಲವೋ ನೆನಪಿಲ್ಲ.

ಅವರ ಹಣದ ಹೆಚ್ಚಿನ ಪಾಲು ಬ್ಯಾಂಕಿನಲ್ಲಿತ್ತು. ಸ್ವಲ್ಪ ಮಾತ್ರ ಶೇರಿನಲ್ಲಿ, ಅದೂ ಒಂದೇ ಕಂಪನಿಯದ್ದು. ಆಸ್ಪತ್ರೆಗೆ ಬೇಕಾದ ರಬ್ಬರ್ ಗ್ಲೌಸ್ ಮಾಡುವ ಕಂಪನಿ. ಅವರು ಕೆಲಸ ಮಾಡುತ್ತಿದ್ದ ಆಸ್ಪತ್ರೆ ಕೊನೆಯ ವರ್ಷಗಳಲ್ಲಿ ಈ ಕಂಪನಿಯ ಗ್ಲೌಸನ್ನೇ ತರಿಸುತ್ತಿತ್ತಂತೆ. ತೊಡುವಾಗ ಹರಿಯುವುದಿಲ್ಲ, ಬೆರಳ ತುದಿಯಲ್ಲಿ ಸಡಿಲ ಇಲ್ಲ ಎಂದು ಮೆಚ್ಚಿ, ಊರಿಗೆ ಬಂದ ಕೂಡಲೇ ಅದರ ಶೇರು ತೆಗೆದುಕೊಂಡಿದ್ದರು. "ರಬ್ಬರು ನಮ್ಮ ಮನೆಯದ್ದು, ಕೈ ನನ್ನದು. ನಡುವೆ ಇರುವ ಕಂಪನಿ ಮಾತ್ರ ಬೇರೆಯವರದ್ದು," ಎಂದು ನಕ್ಕಿದ್ದರು. ಆಗ ಅದರ ಬೆಲೆ ಏನೂ ಇರಲಿಲ್ಲ. ನಾನೂ ನಕ್ಕು ಸುಮ್ಮನಾದೆ.

ಆಮೇಲೆ ಕೊರೋನಾ ಬಂತು. ಲೋಕದ ಎಲ್ಲ ಆಸ್ಪತ್ರೆಗಳಿಗೂ ಗ್ಲೌಸ್ ಬೇಕಾಯಿತು. ಆ ಶೇರು ಏರಿದ ರೀತಿಯನ್ನು ನೋಡಿದವರಿಗೇ ಗೊತ್ತು. ಸಿಸ್ಟರ್ ಪ್ರತಿದಿನ ಸಂಜೆ ಅದರ ಬೆಲೆಗೆ ಒಂದು ಗೆರೆ ಪುಸ್ತಕದಲ್ಲಿ ಚುಕ್ಕಿ ಇಟ್ಟು, ಚುಕ್ಕಿಗಳನ್ನು ಗೆರೆಯಿಂದ ಜೋಡಿಸುತ್ತಿದ್ದರು, ರೋಗಿಯ ಮಂಚದ ಕಾಲ ಬಳಿ ತೂಗುಹಾಕುವ ಜ್ವರದ ಪಟ್ಟಿಯ ಹಾಗೆ. ಆ ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಡಿಸಿ ಇಟ್ಟು, ಡಬ್ಬಿಯಿಂದ ಎರಡು ಬಿಸ್ಕತ್ತು ತೆಗೆದು ತಿನ್ನುತ್ತಿದ್ದರು. ಹನ್ನೊಂದು ಗಂಟೆಗೆ ಸಕ್ಕರೆ ಇಳಿಯುತ್ತದೆಂದು.

ಸ್ವಲ್ಪ ಮಾರಿ ಸಿಸ್ಟರ್, ಎಂದು ನಾನು ಆಗ ಎಷ್ಟು ಸಲ ಹೇಳಿದ್ದೇನೆ ಎನ್ನುವುದಕ್ಕೆ ಲೆಕ್ಕವಿಲ್ಲ. ಎಲ್ಲ ಮೊಟ್ಟೆ ಒಂದೇ ಬುಟ್ಟಿ… ಬೇಡ, ಆ ಸವಕಲು ಮಾತು ಬೇಡ. ಒಂದೇ ಕಂಪನಿಯಲ್ಲಿ ಇಷ್ಟು ಹಣ ಇಡಬಾರದು, ಏರಿದ್ದರಲ್ಲಿ ಒಂದು ಪಾಲನ್ನು ತೆಗೆದು ಬ್ಯಾಂಕಿಗೋ, ಹತ್ತಾರು ದೊಡ್ಡ ಕಂಪನಿಗಳಲ್ಲಿ ಹಣ ಹಂಚಿ ಹಾಕುವ ಇಂಡೆಕ್ಸ್ ಫಂಡಿಗೋ ಹಾಕಿ, ಅರ್ಧ ಅರ್ಧ ಇರಲಿ, ವರ್ಷಕ್ಕೊಮ್ಮೆ ನೋಡಿ ಸರಿದೂಗಿಸೋಣ ಎಂದೆ. ಕಾಗದದಲ್ಲಿ ಬರೆದುಕೊಟ್ಟೆ. ಅವರು ಓದಿದರು, ತಿರುಗಿ ಹೇಳಿದರು, ಮಡಚಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟರು. "ಗುಣ ಆದ ರೋಗಿಯನ್ನು ಡಿಸ್ಚಾರ್ಜ್ ಮಾಡುದು ಸರಿ ಸಾರೇ. ಆದ್ರೆ ಇದಕ್ಕೆ ಹೋಗ್ಲಿಕ್ಕೆ ಬೇರೆ ಮನೆ ಎಲ್ಲುಂಟು? ಬ್ಯಾಂಕಿನವರು ಎಂತ ಬಡ್ಡಿ ಕೊಡ್ತಾರೆ?" ಎಂದರು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಎರಡನೇ ಅಲೆಯ ಏಪ್ರಿಲ್‌ನಲ್ಲಿ ಅವರ ದೊಡ್ಡ ಡೆಪಾಸಿಟ್ ಒಂದರ ಅವಧಿ ಮುಗಿಯಿತು. ನನಗೆ ಒಂದು ಮಾತೂ ಹೇಳದೆ ಆ ಹಣಕ್ಕೂ ಅದೇ ಶೇರು ತೆಗೆದುಕೊಂಡರು, ಏರಿದ ಬೆಲೆಗೆ. ನನಗೆ ಗೊತ್ತಾದದ್ದು ಎರಡು ತಿಂಗಳ ನಂತರ, ಬ್ರೋಕರ್ ಆಫೀಸಿನ ಪಟ್ಟಿ ನೋಡಿದಾಗ. ಇನ್ನು ಮುಂದೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳಿ ಎಂದು ಹೇಳಿಯೇ ಬಿಟ್ಟೆ. ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ನಿಮಗೆ ಬಿಪಿ ಉಂಟು, ಒಮ್ಮೆ ತೋರಿಸಿ," ಎಂದರು. ಮುಂದಿನ ತಿಂಗಳು ಮತ್ತೆ ಎಂಟೂವರೆಗೆ ಮೆಟ್ಟಿಲ ಮೇಲೆ ಕುಳಿತಿದ್ದರು. ಬಿಪಿ ಇದ್ದದ್ದೂ ನಿಜವೇ ಆಗಿತ್ತು ಎನ್ನುವುದು ನನಗೆ ಇನ್ನಷ್ಟು ರೇಗಿಸುವ ಸಂಗತಿ.

ಇಷ್ಟೆಲ್ಲ ಮಾಡಿದವರು ಮುಂದಿನ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಬಂದು ಕುಳಿತು, ಫ್ಯಾನ್ ಆರಿಸಿ, "ಎಲ್ಲ ಮಾರುದು ಸಾರೇ. ಇವತ್ತೇ," ಎಂದರು.

ಅಂದು ಅವರೊಟ್ಟಿಗೆ ಇನ್ನೊಬ್ಬರು ಬಂದಿದ್ದರು. ನನ್ನ ಆಫೀಸು ಮಹಡಿಯಲ್ಲಿದೆ. ಅವರು ಹತ್ತಲಾರದೆ ಕೆಳಗೆ ಔಷಧಿ ಅಂಗಡಿಯ ಬೆಂಚಿನಲ್ಲಿ ಕುಳಿತಿದ್ದರು. ಕಿಟಕಿಯಿಂದ ಬಗ್ಗಿ ನೋಡಿದರೆ ಅವರ ಕಪ್ಪು ಬುರ್ಖಾದ ಹೆಗಲು, ಕೈಯಲ್ಲಿ ಹಿಡಿದ ಊರುಗೋಲು ಕಾಣುತ್ತಿತ್ತು. ಜಾಲ್ಸೂರಿನವರು, ಬ್ಯಾರಿ ಹೆಂಗಸು. ಅದೇ ಗಲ್ಫಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವರು. ಇಬ್ಬರೂ ಹತ್ತೊಂಬತ್ತು ವರ್ಷ ಒಂದೇ ಕೋಣೆಯಲ್ಲಿ ಇದ್ದರಂತೆ. ಗಂಡ ತೀರಿಹೋಗಿದ್ದ, ಮಕ್ಕಳಿಲ್ಲದ ಅವರು ಜಾಲ್ಸೂರಿನ ತಂಗಿಯ ಮನೆಯಲ್ಲಿ ಇದ್ದರು. ಮೊಣಕಾಲು ಎರಡೂ ಹೋಗಿದ್ದವು. ಇಬ್ಬರೂ ಸೇರಿ ಪುತ್ತೂರು ಪೇಟೆಯಲ್ಲೇ ಒಂದು ಮನೆ ತೆಗೆದುಕೊಂಡು ಇರುವುದೆಂದು ಮಾತಾಗಿತ್ತು. ಮನೆಯೂ ಸಿಕ್ಕಿತ್ತು. ಒಂದೂ ಮೆಟ್ಟಿಲಿಲ್ಲದ, ನೆಲದ ಮಟ್ಟದಲ್ಲೇ ಇರುವ ಎರಡು ಕೋಣೆಯ ಮನೆ. ಆಸ್ಪತ್ರೆಗೆ ನಡೆದುಕೊಂಡು ಹೋಗಬಹುದು. ಮುಂಗಡ ಕೊಟ್ಟಾಗಿತ್ತು. ಉಳಿದದ್ದನ್ನು ಮೇ ತಿಂಗಳ ಒಳಗೆ ಕೊಡಬೇಕು.

ನಾನು ಆ ಕ್ಷಣ ಏನು ಹೇಳಬೇಕಿತ್ತು? ಸರಿ ಸಿಸ್ಟರ್, ಮಾರಿ, ಎನ್ನಬೇಕಿತ್ತು. ಎರಡು ವರ್ಷದಿಂದ ನಾನು ಬೇಡಿಕೊಂಡದ್ದೇ ಅದನ್ನು. ನಾನು ಹಾಗೆ ಹೇಳಲಿಲ್ಲ. ಪೆನ್ನು ತೆಗೆದೆ.

ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ, ಆದರೆ ಅಂದು ನನಗೆ ಸಂತೋಷವೇ ಆಗಿತ್ತು. ಅಡಿಕೆ ಮಂಡಿ, ಬಟ್ಟೆ ಅಂಗಡಿ, ಇವರ ತೆರಿಗೆ ರಿಟರ್ನ್ ತುಂಬಿಸಿ ತುಂಬಿಸಿ ಬೇಸತ್ತವನಿಗೆ ಒಂದು ಒಳ್ಳೆಯ ಲೆಕ್ಕ ಕೈಗೆ ಸಿಕ್ಕಿತ್ತು. ಶೇರನ್ನು ಕೊಂಡು ಒಂದು ವರ್ಷ ದಾಟಿದ ಮೇಲೆ ಮಾರಿದರೆ ಆಗಿನ ಕಾನೂನಿನಲ್ಲಿ ಲಾಭಕ್ಕೆ ನೂರಕ್ಕೆ ಹತ್ತು ತೆರಿಗೆ. ಅದಕ್ಕೂ ಮೊದಲು ಮಾರಿದರೆ ಹದಿನೈದು. ವರ್ಷ ದಾಟಿದ ಆ ದೀರ್ಘಾವಧಿಯ ಲಾಭದಲ್ಲಿ ವರ್ಷಕ್ಕೆ ಮೊದಲ ಒಂದು ಲಕ್ಷಕ್ಕೆ ತೆರಿಗೆಯೇ ಇಲ್ಲ. ಸಿಸ್ಟರ್ ಏರಿದ ಬೆಲೆಗೆ ಕೊಂಡ ಹೊಸ ಶೇರುಗಳಿಗೆ ವರ್ಷ ತುಂಬುವುದು ಏಪ್ರಿಲ್ ಮೂರನೇ ವಾರ. ಹಾಗಾಗಿ ಹಳೆಯ ಶೇರಿನಲ್ಲಿ ಅರ್ಧವನ್ನು ಮಾರ್ಚ್ ಒಳಗೆ ಮಾರುವುದು, ಉಳಿದರ್ಧವನ್ನು ಹೊಸ ಆರ್ಥಿಕ ವರ್ಷ ಶುರುವಾದ ಮೇಲೆ ಏಪ್ರಿಲ್‌ನಲ್ಲಿ ಮಾರುವುದು, ಎರಡು ವರ್ಷದ ವಿನಾಯಿತಿ ಸಿಗುತ್ತದೆ; ಹೊಸ ಶೇರುಗಳನ್ನು ವರ್ಷ ತುಂಬಿದ ಮರುದಿನ ಮಾರುವುದು. ಎಲ್ಲ ಸೇರಿ ಐವತ್ತು ಸಾವಿರ ಉಳಿಯುತ್ತದೆ. ಮೇ ತಿಂಗಳಿಗೆ ಮನೆಯ ಹಣವೂ ಕೈಯಲ್ಲಿರುತ್ತದೆ. ಎಷ್ಟು ಚಂದದ ಲೆಕ್ಕ.

ಸಿಸ್ಟರ್ ಕಾಗದವನ್ನು ತುಂಬ ಹೊತ್ತು ನೋಡಿದರು. "ಆಪರೇಷನಿಗೆ ದಿನ ಇಟ್ಟಾದ ಮೇಲೆ ಮುಂದೆ ಹಾಕುದು ನನಗೆ ಸರಿ ಕಾಣುದಿಲ್ಲ ಸಾರೇ."

"ಎರಡು ತಿಂಗಳು ಸಿಸ್ಟರ್. ಎರಡು ವರ್ಷ ನಾನು ಹೇಳಿದಾಗ ಕೇಳ್ಲಿಲ್ಲ, ಈಗ ಎರಡು ತಿಂಗಳು ತಡೆಯುದಿಲ್ಲ ಅಂದ್ರೆ ಹೇಗೆ? ಐವತ್ತು ಸಾವಿರವನ್ನು ಸರಕಾರಕ್ಕೆ ಸುಮ್ಮನೆ ಕೊಡುದಾ?"

ಅವರು ಕಿಟಕಿಯ ಬಳಿ ಹೋಗಿ ಕೆಳಗೆ ನೋಡಿದರು. ಬಚ್ಚಲಿನ ಗೋಡೆಗೆ ಹಿಡಿದುಕೊಳ್ಳಲು ಸ್ಟೀಲಿನ ಪೈಪು ಹಾಕಿಸಬೇಕು, ಕಮೋಡು ಎತ್ತರ ಮಾಡಿಸಬೇಕು, ಅದಕ್ಕೆಲ್ಲ ಆ ಐವತ್ತು ಸಾವಿರ ಸಾಕಾಗುತ್ತದೆ ಎಂದು ತಮಗೇ ಹೇಳಿಕೊಂಡರು. ಮತ್ತೆ ಬಂದು ಕುಳಿತು ನನ್ನ ಲೆಕ್ಕವನ್ನು ಮೂರು ಸಲ ತಿರುಗಿ ಹೇಳಿದರು. ಮೂರು ಸಲವೂ ನಾನು ಹೌದೆಂದೆ.

ಮಾರ್ಚ್‌ನಲ್ಲಿ ಹಳೆಯದರಲ್ಲಿ ಅರ್ಧ ಮಾರಿದೆವು. ಒಳ್ಳೆಯ ಬೆಲೆ ಬಂತು. ಏಪ್ರಿಲ್ ಮೊದಲ ದಿನಗಳಲ್ಲಿ ಉಳಿದರ್ಧ ಮಾರಬೇಕಿತ್ತು. ಬೆಲೆ ಸ್ವಲ್ಪ ತಗ್ಗಿದ್ದರಿಂದ, ಹೇಗೂ ಇನ್ನೆರಡು ವಾರದಲ್ಲಿ ಎಲ್ಲವನ್ನೂ ಒಟ್ಟಿಗೆ ಮಾರುವ ಎಂದದ್ದೂ ನಾನೇ. ವರ್ಷ ತುಂಬಲು ಐದು ದಿನ ಇದೆ ಎನ್ನುವಾಗ ಅವರ ಫೋನು ಬಂತು.

"ಸಾರೇ, ಮೂರು ದಿನದಿಂದ ಇಳೀತಾನೇ ಉಂಟು. ತೆಗೆದುಬಿಡುವನಾ?"

"ಐದು ದಿನ ಸಿಸ್ಟರ್. ಬರೇ ಐದು ದಿನ."

ಮರುದಿನ ಸುದ್ದಿ ಬಂತು. ಹೊರದೇಶದ ದೊಡ್ಡ ಗಿರಾಕಿಗಳು ಆ ಕಂಪನಿಯ ಆರ್ಡರ್ ರದ್ದು ಮಾಡಿದ್ದರು. ಎಲ್ಲರ ಗೋದಾಮಿನಲ್ಲೂ ಗ್ಲೌಸ್ ತುಂಬಿ ಬಿದ್ದಿತ್ತು. ಒಂದು ಶೇರು ಒಂದು ದಿನಕ್ಕೆ ಇಷ್ಟೇ ಇಳಿಯಬಹುದೆಂದು ಮಿತಿ ಇರುತ್ತದೆ; ಬೆಳಿಗ್ಗೆ ಮಾರುಕಟ್ಟೆ ತೆರೆದ ಕೂಡಲೇ ಅದು ಆ ಮಿತಿಗೆ ಬಂದು ನಿಲ್ಲುತ್ತಿತ್ತು. ಮಾರುವವರು ಸಾಲುಗಟ್ಟಿದ್ದರು, ಕೊಳ್ಳುವವರು ಒಬ್ಬರೂ ಇರಲಿಲ್ಲ. ಮರುದಿನ ಮತ್ತೆ ಹಾಗೆ. ಅದರ ಮರುದಿನವೂ. ಸಿಸ್ಟರ್ ದಿನಾ ಕಡಬದಿಂದ ಬಂದು ಬ್ರೋಕರ್ ಆಫೀಸಿನ ಪರದೆಯ ಎದುರು ಕುಳಿತಿರುತ್ತಿದ್ದರು. ಒಂದು ದಿನ ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ಅವರು ಗೆರೆ ಪುಸ್ತಕದಲ್ಲಿ ಚುಕ್ಕಿ ಇಟ್ಟು, ಗೆರೆ ಎಳೆದು, ನನ್ನ ಕಡೆಗೆ ಡಬ್ಬಿ ಚಾಚಿ ಬಿಸ್ಕತ್ತು ಬೇಕಾ ಎಂದು ಸನ್ನೆ ಮಾಡಿದರು. ವರ್ಷ ತುಂಬುವ ದಿನ ಅದರ ಪಾಡಿಗೆ ಬಂದು ಹೋಯಿತು. ತೆರಿಗೆ ಹತ್ತೋ ಹದಿನೈದೋ, ತೆರಲು ಲಾಭವೇ ಉಳಿದಿರಲಿಲ್ಲ.

ಕೊಳ್ಳುವವರು ಸಿಕ್ಕಿ ಎಲ್ಲವನ್ನೂ ಮಾರುವಾಗ ಮೇ ತಿಂಗಳಾಗಿತ್ತು. ಫೆಬ್ರವರಿಯ ಬೆಲೆಯ ಮೂರನೇ ಒಂದು ಪಾಲು ಕೈಗೆ ಬಂತು. ಐವತ್ತು ಸಾವಿರ ಉಳಿಸಲು ಹೋಗಿ ಹದಿನೆಂಟು ಲಕ್ಷ ಹೋಯಿತು.

ಅದಕ್ಕಿಂತ ಕಷ್ಟದ ಒಂದು ಮಾತು ಬಾಕಿ ಇತ್ತು. ಮಾರ್ಚ್‌ನಲ್ಲಿ ಮಾರಿದ ಅರ್ಧದ ಲಾಭ ಹಿಂದಿನ ಆರ್ಥಿಕ ವರ್ಷದ್ದು, ಮೇ ತಿಂಗಳ ನಷ್ಟ ಹೊಸ ವರ್ಷದ್ದು. ಈ ವರ್ಷದ ನಷ್ಟವನ್ನು ಹಿಂದಿನ ವರ್ಷದ ಲಾಭದಿಂದ ಕಳೆಯಲು ಬರುವುದಿಲ್ಲ. ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾರಿದ್ದರೆ ತೆರಿಗೆಯಾದರೂ ತಪ್ಪುತ್ತಿತ್ತು. ನಾನು ಜಾಣತನದಿಂದ ಎರಡು ವರ್ಷಕ್ಕೆ ಒಡೆದಿದ್ದೆನಲ್ಲ. ಇಷ್ಟೆಲ್ಲ ಕಳೆದುಕೊಂಡ ಮೇಲೂ ಅವರು ತೆರಿಗೆ ಕಟ್ಟಬೇಕಿತ್ತು. ಇದನ್ನು ಅವರ ಮುಖ ನೋಡಿಕೊಂಡು ಹೇಳಲಾಗದೆ ಕಂಪ್ಯೂಟರ್ ನೋಡಿಕೊಂಡು ಹೇಳಿದೆ. ಅವರು ಅದನ್ನು ತಿರುಗಿ ಹೇಳಿದರು. ನಾನು ಹೌದೆಂದೆ.

"ಒಂದು ಸಲ ಬೈದುಬಿಡಿ ಸಿಸ್ಟರ್," ಎಂದೆ.

"ಬೈದ್ರೆ ಎಷ್ಟು ವಾಪಸ್ಸು ಬರ್ತದೆ?" ಎಂದರು, ನಿಜವಾಗಿ ತಿಳಿದುಕೊಳ್ಳಬೇಕೆಂಬ ಹಾಗೆ. ಫೀಸು ಬೇಡ ಎಂದರೆ ಕೇಳಲಿಲ್ಲ. ಪ್ರತಿ ವರ್ಷದ ಹಾಗೆ ಮೇಜಿನ ಮೇಲೆ ಇಟ್ಟು, ರಶೀದಿ ತೆಗೆದುಕೊಂಡೇ ಹೋದರು.

ಮನೆ ಕೈತಪ್ಪಿತು. ಮಾಲೀಕ ಮುಂಗಡದಲ್ಲಿ ಅರ್ಧ ಹಿಡಿದುಕೊಂಡು ಉಳಿದದ್ದು ಕೊಟ್ಟ. ಗೆಳತಿಯರಿಬ್ಬರೂ ಪುತ್ತೂರಿನಲ್ಲೇ ದರ್ಬೆಯ ಕಡೆ ಒಂದು ಬಾಡಿಗೆ ಮನೆ ಹಿಡಿದರು, ಮಹಡಿಯ ಮೇಲೆ. ಅವರ ಲೆಕ್ಕಕ್ಕೆ ಅಷ್ಟೇ ಸಿಕ್ಕಿದ್ದು. ಹೊರಗಿನಿಂದ ಹತ್ತುವ ಸಿಮೆಂಟ್ ಮೆಟ್ಟಿಲು ರಸ್ತೆಗೇ ಕಾಣುತ್ತದೆ. ನಾನು ಸ್ಕೂಟರಿನಲ್ಲಿ ಆ ದಾರಿಯಾಗಿ ಹೋಗುವಾಗ ಎಣಿಸಿದ್ದೇನೆ, ಇಪ್ಪತ್ತೆರಡು. ಒಮ್ಮೆ ಸಿಸ್ಟರ್ ಒಂದು ಮೆಟ್ಟಿಲು ಕೆಳಗೆ ಹಿಮ್ಮುಖವಾಗಿ ನಿಂತು, ಜಾಲ್ಸೂರಿನ ಅಕ್ಕನ ಎರಡೂ ಕೈ ಹಿಡಿದು, ಒಂದೊಂದೇ ಹೆಜ್ಜೆ ಇಳಿಸುತ್ತಿದ್ದರು. ನಾನು ಹಾರ್ನ್ ಮಾಡದೆ, ಅತ್ತ ನೋಡದವನ ಹಾಗೆ ಹೋಗಿಬಿಟ್ಟೆ. ಬೇರೆ ದಾರಿ ಸುತ್ತು ಎಂದು ಗೊತ್ತಿದ್ದೂ ಆಮೇಲೆ ಅದನ್ನೇ ಹಿಡಿದೆ.

ಸಿಸ್ಟರ್ ಮಾತ್ರ ಎರಡೇ ವಾರದಲ್ಲಿ ಮತ್ತೆ ಹಾಜರು. ಕೈಯಲ್ಲಿ ಒಂದು ಕಾಗದ, ಕೇಸ್ ಶೀಟಿನ ಹಾಗೆ ಗೆರೆ ಹಾಕಿದ್ದು. ರೋಗಿಯ ಹೆಸರಿನ ಜಾಗದಲ್ಲಿ "ಉಳಿದ ಹಣ" ಎಂದು ಬರೆದಿದ್ದರು. ಅರ್ಧ ಬ್ಯಾಂಕಿನಲ್ಲಿ, ಅರ್ಧ ಇಂಡೆಕ್ಸ್ ಫಂಡಿನಲ್ಲಿ. ಏಪ್ರಿಲ್ ಮೊದಲ ವಾರ ನೋಡುವುದು. ಫಂಡಿನ ಪಾಲು ನೂರಕ್ಕೆ ಅರವತ್ತು ದಾಟಿದ್ದರೆ ಹೆಚ್ಚಾದದ್ದನ್ನು ಅದೇ ದಿನ ಮಾರಿ ಬ್ಯಾಂಕಿಗೆ ಹಾಕುವುದು. ನಲವತ್ತಕ್ಕೆ ಇಳಿದಿದ್ದರೆ ಬ್ಯಾಂಕಿನಿಂದ ತೆಗೆದು ಫಂಡಿಗೆ ಹಾಕುವುದು. ತೆರಿಗೆಯ ಮಾತು ಎಲ್ಲ ಆದ ಮೇಲೆ, ಕೊನೆಯ ಸಾಲಿನಲ್ಲಿ. ಕೆಳಗೆ ಸಹಿಗೆ ಜಾಗ. "ಡ್ಯೂಟಿ ಡಾಕ್ಟರ್ ಸೈನ್ ಮಾಡ್ಬೇಕು," ಎಂದು ಪೆನ್ನು ಕೊಟ್ಟರು.

ಅಕ್ಷರಶಃ ಇದನ್ನೇ ನಾನು ಎರಡು ವರ್ಷ ಮೊದಲು ಬರೆದುಕೊಟ್ಟಿದ್ದೆ. ತೆರಿಗೆಯ ಸಾಲೊಂದು ಬಿಟ್ಟು. ಹಾಗೆಂದು ಹೇಳಿದೆ ಕೂಡ. "ಹೌದಾ?" ಎಂದರು, ಈಗಷ್ಟೇ ಕೇಳಿದವರ ಹಾಗೆ. ನಾನು ಹಲ್ಲು ಕಚ್ಚಿ ಸಹಿ ಮಾಡಿದೆ.

ಆ ವರ್ಷದ ರಿಟರ್ನ್ ತುಂಬಿಸುವಾಗ, ಎಲ್ಲ ಕಳೆದು ನಾಲ್ಕು ಲಕ್ಷ ಚಿಲ್ಲರೆ ನಷ್ಟ ಉಳಿಯಿತು. ಇಂಥ ನಷ್ಟವನ್ನು ಎಂಟು ವರ್ಷ ಮುಂದಕ್ಕೆ ಕೊಂಡೊಯ್ಯಬಹುದು, ಮುಂದೆ ಬರುವ ಲಾಭದಿಂದ ಇದನ್ನು ಕಳೆದು ತೆರಿಗೆ ತಪ್ಪಿಸಿಕೊಳ್ಳಬಹುದು ಎಂದು ವಿವರಿಸಿದೆ. ಅವರಿಗೆ ಅದು ಬಹಳ ಹಿಡಿಸಿತು. "ಅಂದ್ರೆ ನನಗೆ ಎಪ್ಪತ್ತನಾಲ್ಕು ಆಗುವ ತನಕ ಇದು ಚಾಲ್ತಿಯಲ್ಲಿ ಉಂಟು," ಎಂದರು. ಮುಂದಿನ ಏಪ್ರಿಲ್‌ಗಳಲ್ಲಿ ಫಂಡು ಏರಿದಾಗ ಒಂದಿಷ್ಟು ಮಾರಿ ಬ್ಯಾಂಕಿಗೆ ಹಾಕುತ್ತಿದ್ದೆವು; ಲಾಭವನ್ನು ನಷ್ಟ ನುಂಗುತ್ತಿತ್ತು; ತೆರಿಗೆ ಸೊನ್ನೆ. ಒಂದು ಸಲ ಪಾಲು ಐವತ್ತೊಂಬತ್ತಕ್ಕೆ ನಿಂತಿತ್ತು. ಮಾರುವ ಅಗತ್ಯವೇ ಇಲ್ಲ, ಬರಬೇಡಿ ಎಂದು ಫೋನಿನಲ್ಲಿ ಹೇಳಿದರೂ ಬಂದು, ಮಾರುವ ಅಗತ್ಯವಿಲ್ಲ ಎಂದು ನನ್ನಿಂದ ಬರೆಸಿಕೊಂಡು, ಸಹಿ ಹಾಕಿಸಿಕೊಂಡು, ಫೀಸು ಕೊಟ್ಟು ಹೋದರು. ನನ್ನ ಅರ್ಧ ದಿನ ಹಾಳು. ಅವರ ಎದುರು ಕುಳಿತಾಗೆಲ್ಲ ನಾನು ಕಾಯುತ್ತಿದ್ದದ್ದು ಒಂದೇ ಮಾತಿಗೆ, ನೀವು ಹೇಳಿದ್ದಕ್ಕೆ ಹೀಗಾಯಿತು ಎನ್ನುವ ಮಾತಿಗೆ. ಅದು ಬಂದಿದ್ದರೆ ನಾನು ತಲೆ ತಗ್ಗಿಸಿ ಹಗುರಾಗುತ್ತಿದ್ದೆ. ಅವರು ಅದನ್ನು ಹೇಳಲೇ ಇಲ್ಲ. ಇಂಥವರೊಡನೆ ಏಗುವುದು ಹೇಗೆ ನೀವೇ ಹೇಳಿ.

ಈ ವರ್ಷ ಏಪ್ರಿಲ್ ಮೊದಲ ವಾರ ಅವರು ಬರಲಿಲ್ಲ. ಎರಡನೇ ವಾರವೂ ಇಲ್ಲ. ನನಗೆ ಕಾಳಜಿ ಆಗಲಿಲ್ಲ, ಸಿಟ್ಟೇ ಬಂತು. ನನ್ನ ಸಹಿ ಹಾಕಿಸಿಕೊಂಡು ನಿಯಮ ಮಾಡಿದವರು ಅವರು. ಫೋನು ಹಚ್ಚಿ, ಆ ಕಡೆ ಎತ್ತಿದ ಕೂಡಲೇ, "ಸಿಸ್ಟರ್, ತಾರೀಕು ಹನ್ನೆರಡು ಆಯ್ತು," ಎಂದು ದಬಾಯಿಸಿದೆ.

ಎತ್ತಿದವರು ಸಿಸ್ಟರ್ ಅಲ್ಲ. ಜಾಲ್ಸೂರಿನ ಅಕ್ಕನ ದನಿ. "ಅವಳು ಫೆಬ್ರವರಿಯಲ್ಲೇ ಹೋದಳು ಮಾರಾಯ್ರೆ. ನಿಮಗೆ ಗೊತ್ತಾಗ್ಲಿಲ್ವಾ?"

ಮಲಗಿದ್ದವರು ಬೆಳಿಗ್ಗೆ ಏಳಲಿಲ್ಲವಂತೆ. ಹೃದಯ. ಕಡಬದ ಕಡೆಯ ಅವರ ಇಗರ್ಜಿಯಲ್ಲಿ ಮಣ್ಣು ಮಾಡಿದ್ದರು… ಆ ದಿನ ನಾನು ಎಲ್ಲಿದ್ದೆ, ಯಾರ ರಿಟರ್ನ್ ನೋಡುತ್ತಿದ್ದೆ ಎಂದು ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ.

ಸಿಸ್ಟರ್ ತಮ್ಮ ಹಣವನ್ನೆಲ್ಲ ಜಾಲ್ಸೂರಿನ ಅಕ್ಕನ ಹೆಸರಿಗೆ ಉಯಿಲು ಬರೆದಿದ್ದರು. ತಮ್ಮಂದಿರು ತಕರಾರು ಮಾಡಲಿಲ್ಲ. ಮೇ ತಿಂಗಳಲ್ಲಿ ಅಕ್ಕನ ಫೋನು ಬಂತು, ಕಾಗದಗಳನ್ನು ನೋಡಬೇಕಿತ್ತು ಎಂದು. ನೀವು ಬರಬೇಡಿ, ನಾನೇ ಬರುತ್ತೇನೆ ಎಂದೆ. ಆ ಇಪ್ಪತ್ತೆರಡು ಮೆಟ್ಟಿಲನ್ನು ಅಂದು ಮೊದಲ ಸಲ ಹತ್ತಿದೆ. ಕಿರಿದಾದ, ಬಿಸಿಲಿಗೆ ಕಾದ ಮೆಟ್ಟಿಲು. ಹಿಡಿದುಕೊಳ್ಳಲು ಒಂದೇ ಕಡೆ ಕಂಬಿ.

ಅಕ್ಕ ಪ್ಲಾಸ್ಟಿಕ್ ಕವರನ್ನು ಮುಂದಿಟ್ಟರು. ಫಂಡು, ಬ್ಯಾಂಕು, ಎಲ್ಲ ಅವರ ಹೆಸರಿಗೆ ಬರುತ್ತದೆ, ಬರುವುದಕ್ಕೆ ತೆರಿಗೆ ಇಲ್ಲ, ಮುಂದೆ ಫಂಡು ಮಾರಿದರೆ ಮಾತ್ರ ಲಾಭಕ್ಕೆ ತೆರಿಗೆ ಎಂದೆ. ಅವರು ಲ್ಯಾಬಿನಲ್ಲಿದ್ದವರು, ಲೆಕ್ಕ ಬೇಗ ತಿಳಿಯುತ್ತದೆ. "ಅವಳ ಹತ್ರ ಒಂದು ನಷ್ಟ ಇತ್ತಲ್ಲ, ಎಂಟು ವರ್ಷದ್ದು. ಅದರಲ್ಲಿ ಕಳೆದ್ರೆ ಆಗುದಿಲ್ವಾ?" ಎಂದು ಕೇಳಿದರು.

ಆಗುವುದಿಲ್ಲ. ಕಾನೂನು ಹಾಗಿದೆ. ಸತ್ತವರ ಶೇರು, ಫಂಡು, ಮನೆ, ಎಲ್ಲ ವಾರಸುದಾರರಿಗೆ ಬರುತ್ತದೆ. ಇಂಥ ನಷ್ಟ ಬರುವುದಿಲ್ಲ. ಅದು ಯಾರದ್ದೋ ಅವರೊಟ್ಟಿಗೇ ಮುಗಿಯುತ್ತದೆ. ಇನ್ನೂ ಎರಡೂವರೆ ಲಕ್ಷದಷ್ಟು ಉಳಿದಿತ್ತು.

"ನಷ್ಟ ಮಾಡಿದ್ದು ಅವಳೇ, ತೆಗೆದುಕೊಂಡು ಹೋದದ್ದೂ ಅವಳೇ," ಎಂದರು ಅಕ್ಕ. ಆಮೇಲೆ ಸ್ವಲ್ಪ ಖಾರವಾಗಿ, "ಆ ವರ್ಷ ಫೆಬ್ರವರಿಯಲ್ಲೇ ಮಾರು ಮಾರು ಅಂತ ಹೇಳಿದ್ದೆ. ಮೇಲೆ ನಿಮ್ಮ ಆಫೀಸಿಗೆ ಹತ್ತಿದವಳು ಕೆಳಗೆ ಬಂದು, ಇಲ್ಲ, ಏಪ್ರಿಲ್‌ನಲ್ಲಿ ಮಾರುದು ಅಂದಳು. ಯಾಕೆ ಅಂತ ಕೇಳಿದ್ರೆ, ನನಗೆ ಹಾಗೆ ತೋಚಿತು ಅಂತ ಒಂದೇ ಮಾತು."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸುಮ್ಮನಿರಬಹುದಿತ್ತು. ಅವರಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ. ಕೈಯಲ್ಲಿದ್ದ ಕವರನ್ನು ಕೆಳಗಿಟ್ಟು, "ಅವರಿಗೆ ತೋಚಿದ್ದಲ್ಲ ಅಕ್ಕ. ಇವತ್ತೇ ಮಾರುದು ಅಂತಲೇ ಬಂದಿದ್ರು. ಬೇಡ, ತೆರಿಗೆ ಉಳೀತದೆ ಅಂತ ತಡೆದದ್ದು ನಾನು," ಎಂದೆ.

ಅಕ್ಕ ನನ್ನನ್ನೇ ನೋಡಿದರು. ಅಡುಗೆ ಕೋಣೆಯಲ್ಲಿ ಕುಕ್ಕರು ಒಂದು ಸಲ ಕೂಗಿತು. ಅವರು ಏಳಲಿಲ್ಲ.

"ನಾಲ್ಕು ವರ್ಷ ನಾನು ಅವಳಿಗೆ ಬೈದಿದ್ದೇನೆ," ಎಂದರು. ದನಿ ಏರಿರಲಿಲ್ಲ. "ಹತ್ತುವಾಗ ಬೈದಿದ್ದೇನೆ, ಇಳಿಯುವಾಗ ಬೈದಿದ್ದೇನೆ. ನಿನ್ನ ಹಟಕ್ಕೆ ನನ್ನ ಕಾಲು ಹೋಯ್ತು ಅಂತ ಹೇಳಿದ್ದೇನೆ. ಅವಳು ನಗ್ತಾ ಕೈ ಹಿಡೀತಿದ್ದಳು. ಸಾಯುವ ಮುಂಚಿನ ದಿನವೂ ಬೈದಿದ್ದೇನೆ ಮಾರಾಯ್ರೆ. ನಿಮಗೆ ಬಂದು ಹೇಳ್ಲಿಕ್ಕೆ ಆಗ್ಲಿಲ್ವಾ? ಇಪ್ಪತ್ತೆರಡೇ ಮೆಟ್ಟಿಲು. ನಿಮ್ಮ ಕಾಲು ಸರಿ ಉಂಟಲ್ಲ?"

ನಾನು ಬಯಸಿದ್ದ ಬೈಗುಳ ಅದು. ಸಿಕ್ಕಾಗ ಹಗುರವಾಗಲಿಲ್ಲ. ಅದು ಹೋಗಬೇಕಾದ ವಿಳಾಸ ತಪ್ಪಿ ನಾಲ್ಕು ವರ್ಷ ಬೇರೊಬ್ಬರಿಗೆ ತಲುಪಿತ್ತು. ತೆಗೆದುಕೊಂಡವರು ಅದನ್ನು ನನಗೆ ತಿಳಿಯದಂತೆ ಇಟ್ಟುಕೊಂಡಿದ್ದರು. ಯಾಕೆ ಎಂದು ಕೇಳೋಣವೆಂದರೆ ಸಿಸ್ಟರೇ ಇಲ್ಲ. ಕೇಳಿದ್ದರೂ ಅವರು ನನ್ನ ಬಿಪಿಯ ಬಗ್ಗೆ ಏನಾದರೂ ಹೇಳಿ ಮಾತು ಮುಗಿಸುತ್ತಿದ್ದರು, ಅದೂ ಗೊತ್ತು.

ಆಮೇಲೆ ಅಕ್ಕನೇ ಹೋಗಿ ಒಲೆ ಆರಿಸಿ ಬಂದರು, ಗೋಡೆ ಹಿಡಿದುಕೊಂಡು. ಫಂಡಿನಿಂದ ಎಷ್ಟು ಮಾರಿದರೆ ನೆಲದ ಮಟ್ಟದ ಒಂದು ಬಾಡಿಗೆ ಮನೆಗೆ ಮುಂಗಡ ಕೊಡಬಹುದು ಎಂದು ಕೇಳಿದರು. ಹೇಳಿದೆ. ತೆರಿಗೆ ಎಷ್ಟು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅವರ ಹೆಸರಿಗೆ ವರ್ಗವಾದ ದಿನವೇ ಮಾರಿದೆವು. ಜೂನ್‌ನಲ್ಲಿ ಅವರು ಮನೆ ಬದಲಿಸಿದರು. ಸಾಮಾನು ಸಾಗಿಸುವ ದಿನ ಹೋಗಿ ನಿಂತಿದ್ದೆ. ಅವರು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಕಟ್ಟಿದ ರಟ್ಟಿನ ಪೆಟ್ಟಿಗೆಗಳ ನಡುವೆ ಎರಡು ಮಂಚ ಇದ್ದವು. ಎರಡನ್ನೂ ಲಾರಿಗೆ ಏರಿಸಲು ಹೇಳಿದರು.

ಸತ್ತವರ ಪರವಾಗಿಯೂ ಒಂದು ಕೊನೆಯ ರಿಟರ್ನ್ ತುಂಬಿಸಬೇಕಾಗುತ್ತದೆ. ನಿನ್ನೆ ಅದನ್ನು ಮುಗಿಸಿದೆ. ಫೆಬ್ರವರಿಯವರೆಗಿನ ಬ್ಯಾಂಕ್ ಬಡ್ಡಿ, ಕಡಿತವಾದ ತೆರಿಗೆ, ಅಷ್ಟೇ. ಹಿಂದಿನ ವರ್ಷಗಳ ನಷ್ಟ ಎಂಬ ಕೋಷ್ಟಕ ಬಂದಾಗ ಬೆರಳು ನಿಂತಿತು. ತುಂಬಿಸಿದರೆ ಉಪಯೋಗ ಯಾರಿಗೂ ಇಲ್ಲ. ಬಿಟ್ಟರೆ ಕೇಳುವವರೂ ಇಲ್ಲ. ಹಳೆಯ ಫೈಲು ತೆಗೆದು, ಅಂಕಿಯನ್ನು ಎರಡೆರಡು ಸಲ ನೋಡಿ, ಪೈಸೆ ಬಿಡದೆ ತುಂಬಿಸಿದೆ. ಕಳುಹಿಸಲು ಅಕ್ಕನ ಮೊಬೈಲಿಗೆ ಬರುವ ಆರು ಅಂಕಿ ಬೇಕಿತ್ತು. ಫೋನು ಮಾಡಿದೆ. ಅವರು ನಿಧಾನವಾಗಿ ಓದಿ ಹೇಳಿದರು.

"ಮುಗೀತಾ?" ಎಂದು ಕೇಳಿದರು.

"ಮುಗೀತು ಅಕ್ಕ."

ಅವರು ಫೋನು ಇಡಲಿಲ್ಲ. ನಾನೂ ಇಡಲಿಲ್ಲ. ಆ ಕಡೆ ಅವರ ಹೊಸ ಮನೆಯ ಎದುರಿನ ರಸ್ತೆಯಲ್ಲಿ ಬಸ್ಸೊಂದು ಹೋಗುವುದು ಕೇಳಿಸಿತು.